ಮಣ್ಣು ಮೆತ್ತುವ ಕಪ್ಪೆ

ನಾನು ಹುಟ್ಟಿ ಬೆಳೆದದ್ದು ನವಲಗುಂದ ತಾಲೂಕಿನ ಎರಿಭೂಮಿಯಲ್ಲಿ. ಅಲ್ಲಿ ಗಿಡ ಎಂದರೆ ಹೊಲದ ಬದುವಿಗೆ ಒಂದು ಜಾಲಿ, ಊರ ಮುಂದೆ ಒಂದು ಬೇವು. ಹಳ್ಳ ಎಂದರೆ ಬೆಣ್ಣಿಹಳ್ಳ. ಮಳೆ ಬಂದ ದಿನ ಎದೆಮಟ್ಟ ಕೆಂಪು ನೀರು, ಉಳಿದ ದಿನ ಬರೀ ಕೆಸರು, ಆಮೇಲೆ ಅದೂ ಇಲ್ಲ. ಬೇಸಿಗೆಯಲ್ಲಿ ಹೊಲ ಬಿರಿದು ಕೈ ತೂರಿಸುವಷ್ಟು ಅಗಲದ ಬಿರುಕು ಬಿಡುತ್ತಿತ್ತು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಮಾತ್ರ ಎಲ್ಲಿದ್ದವೋ ಏನೋ, ಊರ ಸುತ್ತಲೂ ಕಪ್ಪೆಗಳು ವಟಗುಟ್ಟುತ್ತಿದ್ದವು. ನಮ್ಮಜ್ಜಿ, "ಮಳಿ ಸಂಗಾಟ ಮುಗಿಲಿಂದ ಬಿದ್ದಾವ ತಂಗಿ" ಎನ್ನುತ್ತಿದ್ದಳು. ನಾನು ನಂಬಿದ್ದೆ. ಅವು ತಿಂಗಳುಗಟ್ಟಲೆ ಕಾಲ ಕೆಳಗಿನ ಮಣ್ಣಿನಲ್ಲೇ ಹುದುಗಿ ಮಳೆಯ ಹಾದಿ ಕಾಯುತ್ತಿದ್ದವೆಂದು ನನಗೆ ತಿಳಿದದ್ದು ಬಿ.ಎ. ಬಿ.ಎಡ್. ಮುಗಿಸಿ, ನೌಕರಿ ಹಿಡಿದು, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಬಂದ ಮೇಲೆ.

ಮಳೆ ಬಾರದ ವರ್ಷ ಹುಡುಗರು ಗುರ್ಜಿ ಹೊರುತ್ತಿದ್ದರು. ರೊಟ್ಟಿ ಹಂಚನ್ನು ಬೋರಲು ಮಾಡಿ, ಅದರ ಮೇಲೆ ಸಗಣಿಯ ಗುರ್ಜಿ ಕೂಡಿಸಿ, ಗರಿಕೆ ಚುಚ್ಚಿ, ತಲೆಯ ಮೇಲೆ ಹೊತ್ತು ಮನೆ ಮನೆಗೆ ಬರುವರು. ಹೆಣ್ಣುಮಕ್ಕಳು ತಂಬಿಗೆ ನೀರು ಸುರಿದು ಜೋಳದ ಹಿಟ್ಟು ಹಾಕಬೇಕು. ಕೆಲವು ಊರುಗಳಲ್ಲಿ ಕಪ್ಪೆಯ ಮದುವೆಯನ್ನೂ ಮಾಡುತ್ತಿದ್ದರು. ಅಂದರೆ ನಮ್ಮ ಸೀಮೆಯವರಿಗೆ ಕಪ್ಪೆಯೆಂದರೆ ಮಳೆಯ ನೆಂಟ. ಬಂದರೆ ಸಂತೋಷ, ಹೋದ ಮೇಲೆ ಅದರ ಮನೆ ಎಲ್ಲಿ, ಮಕ್ಕಳೆಷ್ಟು ಎಂದು ಕೇಳಿದವರಿಲ್ಲ.

ಇಷ್ಟು ವಿದ್ಯೆ ಕಟ್ಟಿಕೊಂಡ ನಾನು ಕಪ್ಪೆಯ ಪಾಠ ಹೇಳಬೇಕಾಗಿ ಬಂತು, 1996ರಲ್ಲಿ. ಆಗ ನಾನು ಕಲಘಟಗಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ನನ್ನ ವಿಷಯ ಇತಿಹಾಸ, ಜೊತೆಗೆ ಕನ್ನಡ. ವಿಜ್ಞಾನದ ಮಾಸ್ತರರು ವರ್ಗವಾಗಿ ಹೋಗಿ ಆ ಜಾಗ ಎರಡು ವರ್ಷ ಖಾಲಿ ಇತ್ತು. ಮುಖ್ಯಗುರುಗಳು, "ಗಣಿತ, ಭೌತಶಾಸ್ತ್ರ ನಾ ನೋಡ್ಕೋತೀನಿ, ಜೀವಶಾಸ್ತ್ರ ನೀವು ಹಿಡೀರಿ. ಅದೂ ಒಂಥರಾ ಇತಿಹಾಸಾನ" ಎಂದರು. ಆ ಮಾತು ಎಷ್ಟು ನಿಜವೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಉಭಯವಾಸಿಗಳ ಪಾಠದಲ್ಲಿ ಕಪ್ಪೆಯ ಪಕ್ಕದಲ್ಲಿ ಸಲಮಾಂಡರಿನ ಚಿತ್ರವಿತ್ತು. ಹಲ್ಲಿಯಂಥ ಮೈ, ಉದ್ದ ಬಾಲ, ಆದರೆ ಹಲ್ಲಿಯ ಹಾಗೆ ಹುರುಪೆಯಿಲ್ಲ, ಕಪ್ಪೆಯ ಹಾಗೆ ಹಸಿ ತೊಗಲು. ಕಾಡಿನ ತೊರೆಗಳಲ್ಲಿ, ಒದ್ದೆ ಎಲೆಯಡಿಯಲ್ಲಿ ಇರುವಂಥದು. ಒಬ್ಬ ಹುಡುಗ, "ಅಕ್ಕೋರ, ಇದು ನಮ್ಮ ಹಳ್ಳದಾಗ ಸಿಗತದೇನ್ರಿ?" ಎಂದು ಕೇಳಿದ. ನಾನು ಹಿಂದೆಮುಂದೆ ನೋಡದೆ, "ಹುಡುಕು, ಸಿಗಬಹುದು" ಎಂದೆ. ಪಾಪ, ಅವನು ಎಷ್ಟು ಕಲ್ಲು ಎತ್ತಿ ನೋಡಿದನೋ. ಸಲಮಾಂಡರಿನ ಬಳಗ ನಮ್ಮ ದೇಶದಲ್ಲಿರುವುದು ಡಾರ್ಜಿಲಿಂಗಿನಿಂದ ಆಚೆ, ಹಿಮಾಲಯದ ಪೂರ್ವದ ಗುಡ್ಡಗಳಲ್ಲಿ ಮಾತ್ರ. ದಕ್ಷಿಣದಲ್ಲಿ ಒಂದೂ ಇಲ್ಲ. ನಮ್ಮ ಪಶ್ಚಿಮಘಟ್ಟದ ತೊರೆಗಳಲ್ಲಿ ಆ ಜಾಗವನ್ನು ತುಂಬಿರುವುದು ಹೆಬ್ಬೆರಳಿನಷ್ಟು, ಎರಡು ಬೆರಳಿನಷ್ಟು ಗಾತ್ರದ ಕಪ್ಪೆಗಳು, ಮತ್ತು ಎರೆಹುಳುವಿನ ಹಾಗೆ ಕಾಣುವ ಕಾಲಿಲ್ಲದ ಸಿಸಿಲಿಯನ್ನುಗಳು. ಈ ಎರಡನೆಯದನ್ನು ತೋಟದವರು ಹಾವಿನ ಮರಿಯೆಂದು ತಿಳಿದು ಗುದ್ದಲಿಯಿಂದ ಕಡಿಯುವುದುಂಟು.

ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕಪ್ಪೆ ತತ್ತಿ ಎಲ್ಲಿ ಇಡುತ್ತದೆ ಎಂಬ ಪ್ರಶ್ನೆ ಹಾಕಿದ್ದೆ. ಎರಡು ಅಂಕ. ಎಲ್ಲರೂ ನೀರಿನಲ್ಲಿ ಎಂದು ಬರೆದಿದ್ದರು. ಅಡವಿಯಂಚಿನ ಒಂದು ಸಣ್ಣ ಊರಿನಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ, ನೀರಿನ ಮೇಲಿನ ಗಿಡದ ಟೊಂಗೆಯಲ್ಲಿ ನೊರೆ ಮಾಡಿ ಅದರಲ್ಲಿ ಇಡುತ್ತದೆ ಎಂದು ಬರೆದಿದ್ದಳು. ಕೆಳಗೆ ಒಂದು ಚಿತ್ರ ಬೇರೆ. ಬಾಗಿದ ಟೊಂಗೆ, ಅದಕ್ಕೆ ಅಂಟಿದ ಹತ್ತಿಯ ಉಂಡೆಯಂಥದ್ದೇನೋ, ಕೆಳಗೆ ಅಲೆ ಅಲೆ ಗೆರೆ. ನಾನು ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದೆ. ಪೇಪರು ಹಂಚುವ ದಿನ ಅವಳು ಎದ್ದು ನಿಂತಳು. "ಅಕ್ಕೋರ, ಎಲ್ಲಾ ಕಪ್ಪಿ ನೀರಾಗ ಇಡಂಗಿಲ್ರಿ. ನಮ್ಮ ಕೆರಿ ದಂಡಿಮ್ಯಾಲಿನ ಗಿಡದಾಗ ನಾನ ನೋಡೀನ್ರಿ."

ನಾನು ನಕ್ಕೆ. "ಕಪ್ಪಿ ಗಿಡ ಹತ್ತಿ ಸಾಬೂನು ಹಚ್ಚಿ ಬಟ್ಟಿ ಒಗೀತದೇನವಾ?" ಎಂದೆ. ತರಗತಿಯೆಲ್ಲ ನಕ್ಕಿತು. ಅವಳು ಕೂತಳು.

ಎರಡು ಅಂಕದಿಂದ ಅವಳ ಬಾಳುವೆಯಲ್ಲಿ ಏನೂ ಆಗುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಆ ಹುಡುಗಿ ಆಮೇಲೆ ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ. ಒಂಬತ್ತನೆಯ ಇಯತ್ತೆಯ ನಡುವೆ ಮದುವೆ ಗೊತ್ತಾಯಿತು ಎಂದು ಸಾಲಿ ಬಿಟ್ಟಳು. ನನಗೂ ಮರೆತುಹೋಯಿತು.

ನೆನಪಾದದ್ದು 2014ರಲ್ಲಿ. ಸ್ಟಾಫ್‌ರೂಮಿನಲ್ಲಿ ಕನ್ನಡ ಪತ್ರಿಕೆ ಬಿಡಿಸಿದರೆ ಒಳಪುಟದಲ್ಲಿ ಒಂದು ಕಪ್ಪೆಯ ಚಿತ್ರ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಹೊಸ ಕಪ್ಪೆಯೊಂದು ಸಿಕ್ಕಿದೆ, ಕೆ.ವಿ. ಗುರುರಾಜ ಮತ್ತು ಅವರ ಸಂಗಡಿಗರು ಅದಕ್ಕೆ ಕುಂಬಾರ ಕಪ್ಪೆ ಎಂದು ಹೆಸರಿಟ್ಟಿದ್ದಾರೆ ಎಂಬ ಸುದ್ದಿ. ಶಾಸ್ತ್ರದ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಮೊದಲ ಮಾತು ಗ್ರೀಕ್, ಇರುಳಿನ ಕಪ್ಪೆ ಎಂದು ಅರ್ಥ. ಎರಡನೆಯದು ನಮ್ಮ ಓಣಿಯದು. ಗ್ರೀಕಿನ ಜೋಡಿಯಾಗಿ ಕನ್ನಡದ ಕುಂಬಾರ ಕೂತದ್ದು ನೋಡಿ ನನಗೆ ಮೊದಲು ನಗು ಬಂತು. ಆಮೇಲೆ ಪೂರ್ತಿ ಓದಿದೆ. ಓದುತ್ತ ಓದುತ್ತ ಕಿವಿ ಬಿಸಿಯಾಯಿತು.

ಈ ಕಪ್ಪೆಯ ಸಂಸಾರ ಹೀಗಿದೆ. ರಾತ್ರಿಯ ಹೊತ್ತು, ಮೆಲ್ಲಗೆ ಹರಿಯುವ ತೆಳುನೀರಿನ ತೊರೆ. ನೀರಿನಿಂದ ಮೇಲೆದ್ದ ಒಂದು ಕಡ್ಡಿ, ಇಲ್ಲವೆ ಬೇರು, ಇಲ್ಲವೆ ಕಲ್ಲು. ಗಂಡು ಹೆಣ್ಣು ಕೂಡಿ, ಮುಂಗಾಲು ಊರಿ ಹಿಂಗಾಲು ಮೇಲೆತ್ತಿ, ಡೊಂಬರ ಹುಡುಗರ ಹಾಗೆ ತಲೆಕೆಳಗಾಗಿ ನಿಲ್ಲುತ್ತವೆ. ತತ್ತಿಗಳು ನೀರಿಗೆ ಬೀಳದೆ ಆ ಕಡ್ಡಿಗೆ ಅಂಟಿಕೊಳ್ಳುತ್ತವೆ. ಹೆಣ್ಣಿನ ಕೆಲಸ ಅಲ್ಲಿಗೆ ಮುಗಿಯಿತು. ಗಂಡು ತೊರೆಯ ತಳಕ್ಕೆ ಹೋಗಿ ಎರಡೂ ಮುಂಗೈಯಲ್ಲಿ ಮಣ್ಣು ಬಾಚಿ ತರುತ್ತದೆ, ಹಿಂಗಾಲ ಮೇಲೆ ಎದ್ದು ನಿಂತು ತತ್ತಿಗಳ ಮೇಲೆ ಮೆತ್ತುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ತರುತ್ತದೆ, ಮೆತ್ತಿ ಸವರಿ ಒಪ್ಪ ಮಾಡುತ್ತದೆ. ತತ್ತಿ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದು ಈ ಪಾಡು. ನಾವು ಒಲೆಯ ಮೇಲಿನ ಪಾತ್ರೆ ಹೊತ್ತದಿರಲೆಂದು ಹೊರಗೆ ಮಣ್ಣು ಬಳಿಯುತ್ತಿದ್ದೆವಲ್ಲ, ನೆನಪಿದೆಯೆ, ಅಂಥದೇ ಜಾಣತನ.

ಅದೇ ಕತ್ತಲೆಕಾನಿನಲ್ಲಿ ಇದರ ದಾಯಾದಿ ಇನ್ನೊಂದಿದೆ, ಜೋಗದ ಇರುಳುಗಪ್ಪೆ. ಅದು ಮಣ್ಣು ಮೆತ್ತುವುದಿಲ್ಲ. ನೀರಿನ ಮೇಲೆ ಬಾಗಿದ ಎಲೆಗೆ ತತ್ತಿ ಅಂಟಿಸಿ ಗಂಡು ಹತ್ತಿರದಲ್ಲೇ ಕಾವಲು ಕೂಡುತ್ತದೆ. ಮರಿಗಳು ಕಣ್ಣು ಬಿಟ್ಟಾಗ ಗೊದಮೊಟ್ಟೆಗಳು ಟಪ್ಪೆಂದು ಕೆಳಗಿನ ನೀರಿಗೆ ಉದುರುತ್ತವೆ. ಅಂದರೆ ಈ ಬಳಗದಲ್ಲಿ ಬಾಣಂತನ ಗಂಡಿನದು. ಇದನ್ನು ನಾನು ಸ್ಟಾಫ್‌ರೂಮಿನಲ್ಲಿ ಗಟ್ಟಿಯಾಗಿ ಓದಿದಾಗ ಹೆಣ್ಣುಮಕ್ಕಳೆಲ್ಲ ಕುರ್ಚಿ ಹತ್ತಿರ ಎಳೆದುಕೊಂಡರು, ಮಾಸ್ತರರಿಗೆ ಒಮ್ಮೆಲೇ ಪೇಪರ್ ತಿದ್ದುವ ಕೆಲಸ ನೆನಪಾಯಿತು.

ಕಪ್ಪೆ ಎಲೆಗೆ, ಕಡ್ಡಿಗೆ, ನೀರಿನ ಹೊರಗೆ ತತ್ತಿ ಇಡುತ್ತದೆ! ಕೆಂಪು ಮಸಿಯ ಅಡ್ಡಗೆರೆ ಹದಿನೆಂಟು ವರ್ಷದ ಹಿಂದಿನಿಂದ ಎದ್ದು ಬಂತು. ಆವತ್ತಿನಿಂದ ಈ ವಿಷಯದ ಪುಸ್ತಕ, ಲೇಖನ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಆ ಹುಡುಗಿ ಕಂಡದ್ದು ಇರುಳುಗಪ್ಪೆಯದಲ್ಲ, ಮರಗಪ್ಪೆಯ ಗೂಡು. ನಮ್ಮ ಕಡೆಯೂ ಅದು ಅಪರೂಪವಲ್ಲ. ಹೆಣ್ಣು ತನ್ನ ಮೈಯಿಂದ ಒಸರುವ ಲೋಳೆಯನ್ನು ಹಿಂಗಾಲಿನಿಂದ ಕಡೆದು ಕಡೆದು ನೊರೆ ಎಬ್ಬಿಸುತ್ತದೆ, ಮಜ್ಜಿಗೆ ಕಡೆದ ಹಾಗೆ. ಆ ನೊರೆಯೊಳಗೆ ತತ್ತಿ. ಹೊರಮೈ ಒಣಗಿ ಹಪ್ಪಳದಂತಾಗುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ಮಳೆ ಬಿದ್ದು ಗೂಡು ಮೆತ್ತಗಾದಾಗ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಜಾರುತ್ತವೆ. ಅವಳ ಚಿತ್ರದಲ್ಲಿ ಎಲ್ಲವೂ ಇತ್ತು. ಬಾಗಿದ ಟೊಂಗೆ, ಹತ್ತಿಯ ಉಂಡೆ, ಕೆಳಗೆ ನೀರು. ನಾನು ಸಾಬೂನು ಎಂದೆ.

ಇತಿಹಾಸದ ಬಾಯಿ ನಾನು, ಹಾಗಾಗಿ ಈ ಕಪ್ಪೆಗಳನ್ನು ಬರೆದಿಟ್ಟವರ ಕಥೆಯ ಬೆನ್ನು ಹತ್ತಿದೆ. ಮುಖ್ಯಗುರುಗಳು ಅಂದದ್ದು ನಿಜವಾಯಿತು.

ಇರುಳುಗಪ್ಪೆಯ ಬಳಗಕ್ಕೆ ಮೊದಲು ಹೆಸರು ಕೊಟ್ಟವನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಬೂಲೆಂಜರ್, 1882ರಲ್ಲಿ. ಅವನು ನಮ್ಮ ತೊರೆಯಲ್ಲಿ ಕಾಲಿಟ್ಟವನಲ್ಲ. ಮದ್ರಾಸ್ ಅರಣ್ಯ ಇಲಾಖೆಯ ಬೆಡ್ಡೋಮ್‌ನಂಥ ಅಧಿಕಾರಿಗಳು ಮಲಬಾರಿನ ಕಾಡುಗಳಲ್ಲಿ ಹಿಡಿದು ಸಾರಾಯಿ ತುಂಬಿದ ಜಾಡಿಯಲ್ಲಿ ಹಾಕಿ ಹಡಗಿಗೇರಿಸುತ್ತಿದ್ದರು, ಅಲ್ಲಿ ಕೂತವರು ಬೆರಳು ಎಣಿಸಿ, ಹಲ್ಲು ನೋಡಿ ಹೆಸರು ಬರೆಯುತ್ತಿದ್ದರು. ಜಾಡಿಯಲ್ಲಿ ಬಂದ ಕಪ್ಪೆ ಮಣ್ಣು ಮೆತ್ತಿ ತೋರಿಸುವುದೆ? ಅದು ಹೇಗಿದೆ ಎನ್ನುವುದು ಅವರಿಗೆ ತಿಳಿಯುತ್ತಿತ್ತು, ಹೇಗೆ ಬಾಳುತ್ತದೆ ಎನ್ನುವುದು ತಿಳಿಯುತ್ತಿರಲಿಲ್ಲ.

ಅದೇ 1882ರಲ್ಲಿ ಸಿ.ಆರ್. ನಾರಾಯಣರಾವ್ ಹುಟ್ಟಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರಾಗಿದ್ದವರು. 1932ರಲ್ಲಿ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆ ಹೊರಟಾಗ ಅದರ ಮೊದಲ ಸಂಪಾದಕರೂ ಅವರೇ. ನಮ್ಮ ನಾಡಿನ ಕಪ್ಪೆಗಳನ್ನು ನಮ್ಮ ನೆಲದಲ್ಲೇ ಕೂತು ನೋಡಿ ಬರೆದವರಲ್ಲಿ ಅವರು ಮೊದಲಿಗರು. ಕೊಡಗಿನ ಕಾವೇರಿ ಮೂಲದ ಜವುಗಿನಲ್ಲಿ ಸಿಕ್ಕ ಒಂದು ಇರುಳುಗಪ್ಪೆಗೆ 1920ರಲ್ಲಿ ಅವರು ಕೊಟ್ಟ ಹೆಸರಿನ ಅರ್ಥ, ಪುಣ್ಯದ ಜವುಗಿನದು ಎಂದು. ಎಷ್ಟು ಚೆಂದ ನೋಡಿ. 1937ರಲ್ಲಿ ಇನ್ನೂ ಹಲವು ಕಪ್ಪೆಗಳನ್ನು ಒಟ್ಟಿಗೆ ಪ್ರಕಟಿಸಿದರು. ಕೆಂಪುಹೊಳೆಯದು ಒಂದು, ಕೊಟ್ಟಿಗೆಹಾರದ್ದು ಒಂದು. ಕೊಟ್ಟಿಗೆಹಾರದ್ದು ಕುಣಿಯುವ ಕಪ್ಪೆ. ತೊರೆಯ ಸದ್ದಿನಲ್ಲಿ ಅದರ ಕೂಗು ಕೇಳಿಸುವುದು ಕಷ್ಟ. ಅದಕ್ಕೆ ಗಂಡು ಬಂಡೆಯ ಮೇಲೆ ಕೂತು ಒಂದೊಂದೇ ಹಿಂಗಾಲನ್ನು ಚಾಚಿ ಬೀಸಿ ತೋರಿಸುತ್ತದೆ.

ನಾರಾಯಣರಾಯರು 1960ರಲ್ಲಿ ತೀರಿಕೊಂಡರು. ಅವರು ಹೆಸರಿಟ್ಟ ಕಪ್ಪೆಗಳ ಮೂಲ ಮಾದರಿಗಳು ಕಾಲೇಜಿನ ಸಂಗ್ರಹದಲ್ಲಿದ್ದವು, ಅವು ಕಳೆದುಹೋದವು. ಜಾಡಿ ಹೋದ ಮೇಲೆ ಹೆಸರಷ್ಟೇ ಕಾಗದದಲ್ಲಿ ಉಳಿಯಿತು. ಕಾಗದದಲ್ಲಿರುವ ಕಪ್ಪೆ ನಿಜವಾಗಿಯೂ ಉಂಟೋ ಇಲ್ಲವೋ ಎಂದು ಮುಂದಿನವರು ಅನುಮಾನಪಡುವ ಹಾಗಾಯಿತು. ಇತಿಹಾಸ ಓದಿದವರಿಗೆ ಇದು ಹೊಸದಲ್ಲ. ಶಾಸನದ ಕಲ್ಲನ್ನು ಯಾರೋ ಬಟ್ಟೆ ಒಗೆಯಲು ಒಯ್ದಿರುತ್ತಾರೆ, ನಮ್ಮ ಕೈಯಲ್ಲಿ ನಕಲು ಮಾತ್ರ ಇರುತ್ತದೆ. ಆದರೆ ಕಲ್ಲಿಗಿಲ್ಲದ ಒಂದು ಅನುಕೂಲ ಕಪ್ಪೆಗುಂಟು. ತೊರೆ ಉಳಿದಿದ್ದರೆ ಅದು ಅಲ್ಲೇ ಇರುತ್ತದೆ. ಎಸ್.ಡಿ. ಬಿಜು ಮತ್ತು ಸಂಗಡಿಗರು ವರ್ಷಗಟ್ಟಲೆ ರಾಯರು ಬರೆದ ಜಾಗಗಳನ್ನು ಹುಡುಕಿಕೊಂಡು ಅಲೆದರು. 2011ರಲ್ಲಿ ಅವರು ಹನ್ನೆರಡು ಹೊಸ ಇರುಳುಗಪ್ಪೆಗಳನ್ನು ಪ್ರಕಟಿಸಿದಾಗ, ಜೊತೆಗೆ ಕಳೆದವೆಂದುಕೊಂಡಿದ್ದ ಮೂರು ಮರಳಿ ಸಿಕ್ಕಿದ್ದವು. ಮೂರೂ ರಾಯರವು. ಕೊಡಗಿನ ಆ ಪುಣ್ಯದ ಜವುಗಿನ ಕಪ್ಪೆ 91 ವರ್ಷದ ಮೇಲೆ ವಿಜ್ಞಾನಿಗಳಿಗೆ ಮುಖ ತೋರಿಸಿತು. ಅದಕ್ಕೂ ಒಂದು ವರ್ಷ ಮೊದಲು, 2010ರಲ್ಲಿ, ಪೊದೆಗಪ್ಪೆಗಳ ಒಂದು ಇಡೀ ಬಳಗಕ್ಕೆ ರಾಯರ ಹೆಸರನ್ನೇ ಸೇರಿಸಿ ರಾವೋರ್ಕೆಸ್ಟಿಸ್ ಎಂದು ಕರೆದಿದ್ದರು. ನನ್ನ ಮಗಳಿಗೆ ಇದನ್ನೆಲ್ಲ ಹೇಳಿದರೆ, "ಮಮ್ಮಿ, ನಿನಗ ಕಪ್ಪಿ ಹುಚ್ಚು ಹಿಡದೈತಿ" ಎನ್ನುತ್ತಾಳೆ. ಹಿಡಿದದ್ದು ನಿಜ.

ಇನ್ನು ಕತ್ತಲೆಕಾನು. ನಮ್ಮ ಚಿಕ್ಕಪ್ಪನ ಮಗಳನ್ನು ಸಿದ್ದಾಪುರದ ಕಡೆ ಕೊಟ್ಟಿದೆ. ಅವರ ಮನೆಯ ಒಂದು ಕಾರ್ಯಕ್ಕೆ ಹೋದವಳು, ಅವಳ ಗಂಡನಿಗೆ ಗಂಟುಬಿದ್ದು ಅಲ್ಲಿಗೆ ಹೋಗಿಬಂದೆ. ಕಲಘಟಗಿಯಿಂದ ಯಲ್ಲಾಪುರ, ಅಲ್ಲಿಂದ ಶಿರಸಿಯ ದಾರಿ. ನಡುವೆ ಬೇಡ್ತಿ ಹೊಳೆಯನ್ನು ದಾಟಬೇಕು. ಧಾರವಾಡದ ಶಾಲ್ಮಲೆಯ ನೀರು, ನಮ್ಮ ಕಲಘಟಗಿ ಸೀಮೆಯ ಹಳ್ಳಗಳ ನೀರು ಕೂಡಿಯೇ ಆ ಹೊಳೆ. ನಮ್ಮೂರಲ್ಲಿ ಬಕೆಟ್ಟಿನಲ್ಲಿ ಅಳೆಯಬಹುದಾದ ಹಳ್ಳ ಅಲ್ಲಿ ಎಷ್ಟು ದೊಡ್ಡ ಮನುಷ್ಯನಾಗಿದೆ ಎನಿಸಿತು. ಸಿದ್ದಾಪುರ ದಾಟಿ, ಮಾವಿನಗುಂಡಿಯಿಂದ ಹೊನ್ನಾವರದ ಕಡೆ ಘಟ್ಟ ಇಳಿಯುವ ರಸ್ತೆಯಲ್ಲಿ ಆ ಕಾಡು. ನವಲಗುಂದದಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಅಲ್ಲಿ ಆಷಾಢದ ಕೆಲವೇ ವಾರಗಳಲ್ಲಿ ಬೀಳುತ್ತದೆ.

ಮಧ್ಯಾಹ್ನ ಹನ್ನೆರಡು ಗಂಟೆಗೆ ಹೋದರೂ ಒಳಗೆ ದೀಪ ಹಚ್ಚುವ ಹೊತ್ತಿನ ಬೆಳಕು. ಕತ್ತಲೆಕಾನು ಎಂದು ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ. ಜವುಗು ನೆಲದಲ್ಲಿ ಜಾಯಿಕಾಯಿಯ ಕಾಡು ಬಳಗದ ಮರಗಳು. ಅವುಗಳ ಬೇರುಗಳು ಉಸಿರಾಡಲೆಂದು ಕೆಸರಿನಿಂದ ಮೇಲೆದ್ದು ಮೊಣಕಾಲಿನ ಹಾಗೆ ಮಡಿಚಿ ಮತ್ತೆ ಒಳಗೆ ಹೋಗಿವೆ. ಊಟಕ್ಕೆ ಪಂಕ್ತಿಯಲ್ಲಿ ಕೂತ ಮುದುಕರ ಮೊಣಕಾಲುಗಳು ಎಂದೆ, ಮೈದುನರು ನಕ್ಕರು. ಅವರು ಹೇಳಿದ್ದು, ಮಲೆನಾಡಿನಲ್ಲಿ ಕಾನು ಎಂದರೆ ಬರೀ ಕಾಡಲ್ಲ. ದೇವರ ಹೆಸರಿನಲ್ಲಿ, ಮೆಣಸಿನ ಬಳ್ಳಿಯ ಆಸೆಯಲ್ಲಿ, ನೀರಿನ ಚಿಂತೆಯಲ್ಲಿ ಊರವರೇ ಕಡಿಯದೆ ಉಳಿಸಿಕೊಂಡ ಕಾಡು. 1801ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಬುಕಾನನ್ ಅದನ್ನು ಕಂಡು ಬರೆದಿದ್ದಾನೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆಯೇ ಒಂದು ವರದಿ ಮಾಡಿದರು. ಆಮೇಲೆ ಸರಕಾರ ಕಾನುಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು, ಊರವರ ಕೈ ತಪ್ಪಿತು, ಎಷ್ಟೋ ಕಾನುಗಳು ಕರಗಿದವು. ಉಳಿದವುಗಳ ಇತಿಹಾಸವನ್ನು ನಮ್ಮ ಕಾಲದಲ್ಲಿ ಎಂ.ಡಿ. ಸುಭಾಷ್‌ಚಂದ್ರನ್ ಅವರು ಬಹಳ ಶ್ರಮಪಟ್ಟು ದಾಖಲಿಸಿದ್ದಾರೆ. ಕತ್ತಲೆಕಾನು ಸಿಂಗಳೀಕಗಳಿಗಾಗಿ 2011ರಲ್ಲಿ ಘೋಷಿಸಿದ ಅಘನಾಶಿನಿ ಸಂರಕ್ಷಣಾ ಮೀಸಲಿನ ಆಸುಪಾಸಿನ ಕಾಡು. ಕಪ್ಪೆ ಉಳಿದದ್ದು ಯಾರ ಪುಣ್ಯದಿಂದ ಎಂದರೆ ಮೊದಲು ಆ ಕಾನಿನ ದೇವರುಗಳ ಹೆಸರು ಹೇಳಬೇಕು.

ಕಪ್ಪೆಗೆ ಕಾಡು ಯಾಕೆ ಬೇಕು? ಅದು ಮೂಗಿನಿಂದಷ್ಟೇ ಅಲ್ಲ, ತೊಗಲಿನಿಂದಲೂ ಉಸಿರಾಡುತ್ತದೆ. ತೊಗಲು ಒಣಗಿದರೆ ಉಸಿರು ಕಟ್ಟಿದ ಹಾಗೆ. ಮೇಲಿನ ಮರ ಹೋದರೆ ಬಿಸಿಲು ತೊರೆಗೆ ಬೀಳುತ್ತದೆ, ಕಡ್ಡಿಯ ಮೇಲೆ ಮೆತ್ತಿದ ಮಣ್ಣು ಒಣಗಿ ಬಿರಿಯುತ್ತದೆ, ಒಳಗಿನ ತತ್ತಿ ಬಾಡುತ್ತದೆ. ಬೇಸಿಗೆಯಲ್ಲಿ ಹನಿಯುವ ನೀರು ನಿಂತರೆ ಮೆತ್ತಲು ಹಸಿ ಮಣ್ಣೇ ಇಲ್ಲ. 2023ರಲ್ಲಿ ಲೋಕದ ಉಭಯವಾಸಿಗಳ ಲೆಕ್ಕ ಹಾಕಿದಾಗ ನೂರಕ್ಕೆ ಸುಮಾರು 41 ಅಳಿವಿನ ಅಂಚಿನಲ್ಲಿವೆ ಎಂದು ಕಂಡಿತು. ಪಾಠದ ಪುಸ್ತಕದ ಆ ಸಲಮಾಂಡರುಗಳ ಪಾಡು ಇನ್ನೂ ಕಷ್ಟ, ನೂರಕ್ಕೆ 60. ಬೇರೆ ಯಾವ ಬೆನ್ನೆಲುಬಿನ ಪ್ರಾಣಿವರ್ಗಕ್ಕೂ ಇಷ್ಟು ಕೆಟ್ಟ ಕಾಲ ಬಂದಿಲ್ಲ.

ನನಗೆ ಆವತ್ತು ಕುಂಬಾರ ಕಪ್ಪೆ ಕಾಣಲಿಲ್ಲ. ಹಗಲಲ್ಲಿ ಹೋಗಿ ಇರುಳುಗಪ್ಪೆ ಹುಡುಕುವುದೇ ಹುಚ್ಚು. ತೊರೆಯ ಅಂಚಿನಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ನಿಂತು, ಕೆಸರು ಹತ್ತಿದ ಕಡ್ಡಿಗಳನ್ನೆಲ್ಲ ಬಗ್ಗಿ ನೋಡಿದೆ. ಎಲ್ಲವೂ ಬರೀ ಕೆಸರು ಹತ್ತಿದ ಕಡ್ಡಿಗಳು. ಜಿಗಣೆಗಳು ಮಾತ್ರ ಎರಡು ಸಿಕ್ಕವು, ಕಾಲಿನಲ್ಲೇ.

ಬಂದ ಮೇಲೆ ಕಲಘಟಗಿ ಸಂತೆಯಲ್ಲಿ ನಾನು ಯಾವಾಗಲೂ ಕೊಡ ಕೊಳ್ಳುವ ಕುಂಬಾರ ಮುದುಕಿಗೆ ಸುದ್ದಿ ಹೇಳಿದೆ. ನಮ್ಮ ಮದುವೆಗಳಲ್ಲಿ ಐರಾಣಿ ಗಡಿಗೆ ಇವರ ಮನೆಯಿಂದಲೇ ಬರಬೇಕಲ್ಲ, ಆ ಸಲಿಗೆ. "ಯವ್ವಾ, ನಿಮ್ಮ ಹೆಸರಿನ ಕಪ್ಪಿ ಸಿಕ್ಕೈತಿ, ಮಣ್ಣು ತಂದು ಕೈಯಿಂದ ಮೆತ್ತತೈತಿ" ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. "ಅದಕ್ಕರ ಮಣ್ಣು ಸಿಗತೈತೇನ್ರಿ? ನಮಗ ಕೆರಿ ಮಣ್ಣು ತಗೀಲಿಕ್ಕ ಬಿಡವಲ್ರು" ಎಂದಳು. ಆಮೇಲೆ ಕೊಡವನ್ನು ಬೆರಳಗಣ್ಣಿನಿಂದ ಬಡಿದು ಸದ್ದು ಕೇಳಿಸಿ ಕೊಟ್ಟಳು. ಕುಂಬಾರ ಗುಂಡಯ್ಯ ಗಡಿಗೆ ಬಡಿಯುವ ಸದ್ದಿಗೆ ಶಿವನೇ ಕುಣಿದ ಕಥೆಯನ್ನು ಹರಿಹರ ರಗಳೆ ಮಾಡಿದ್ದಾನೆ, ನಾನೇ ಮಕ್ಕಳಿಗೆ ಹೇಳುತ್ತ ಬಂದವಳು. ಕತ್ತಲಲ್ಲಿ, ನೀರಿನ ಸದ್ದಿನ ನಡುವೆ, ಯಾರೂ ನೋಡದ ಕಡೆ ಮಣ್ಣು ತಟ್ಟುವ ಈ ಸಣ್ಣ ಕುಂಬಾರನ ಮುಂದೆ ಯಾರು ಕುಣಿದರೋ. ಬ್ರೆಜಿಲ್ ದೇಶದಲ್ಲಿಯೂ ಮಣ್ಣಿನ ಬಟ್ಟಲು ಕಟ್ಟಿ ಅದರಲ್ಲಿ ಮರಿ ಬೆಳೆಸುವ ಒಂದು ಕಪ್ಪೆ ಇದೆಯಂತೆ. ಅಲ್ಲಿಯವರು ಅದನ್ನು ಕಮ್ಮಾರ ಕಪ್ಪೆ ಎನ್ನುತ್ತಾರೆ. ಅದರ ಕೂಗು ಕಬ್ಬಿಣಕ್ಕೆ ಸುತ್ತಿಗೆ ಬಡಿದ ಹಾಗಿದೆಯೆಂದು. ಅಲ್ಲಿ ಕಮ್ಮಾರ, ಇಲ್ಲಿ ಕುಂಬಾರ.

ಬೇಲೂರಿನ ಪಾಠ ಹೇಳುವಾಗ ನಾನು ಪ್ರತಿ ವರ್ಷ ಕಪ್ಪೆಚೆನ್ನಿಗರಾಯನ ಐತಿಹ್ಯವನ್ನು ಹೇಳುತ್ತಿದ್ದೆ. ಗುಡಿ ಶಾಂತಲೆ ಕಟ್ಟಿಸಿದ್ದು, ಅದು ಇತಿಹಾಸ. ವಿಗ್ರಹ ಕೆತ್ತಿದ ಜಕಣಾಚಾರಿಗೆ ಒಬ್ಬ ಹುಡುಗ, ಈ ಕಲ್ಲಿನಲ್ಲಿ ದೋಷವಿದೆ ಎಂದದ್ದು, ಗಂಧ ಲೇಪಿಸಿದಾಗ ಹೊಕ್ಕುಳ ಹತ್ತಿರ ಮಾತ್ರ ಒಣಗದೆ ಉಳಿದದ್ದು, ಒಡೆದರೆ ಒಳಗಿನಿಂದ ಕಪ್ಪೆ ಹೊರಬಂದದ್ದು, ಇದು ಕಥೆ. ಆ ಹುಡುಗ ಅವನ ಮಗನೇ ಎಂದು ಆಮೇಲೆ ತಿಳಿಯುತ್ತದೆ. ಮಾತು ತಪ್ಪಿದ್ದಕ್ಕೆ ಆಚಾರಿ ತನ್ನ ಬಲಗೈಯನ್ನೇ ಕಡಿದುಕೊಂಡನಂತೆ. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು, ನಾನು ಕಣ್ಣರಳಿಸಿ ಹೇಳುತ್ತಿದ್ದೆ. 1996ರಲ್ಲಿಯೂ ಹೇಳಿದ್ದೆ, ಅದೇ ಎಂಟನೆಯ ತರಗತಿಗೆ, ಬಹುಶಃ ಅದೇ ತಿಂಗಳು. 2014ರ ನಂತರ ಆ ಕಥೆ ಹೇಳುವಾಗ ನನ್ನ ದನಿ ತಗ್ಗುತ್ತದೆ.

ಹೋದ ವರ್ಷ ಮಳೆಗಾಲದ ಕೊನೆಗೆ ಹುಬ್ಬಳ್ಳಿಗೆ ಹೋಗಲು ಕಲಘಟಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಒಬ್ಬ ಹೆಣ್ಣುಮಗಳು ಚೀಲ ಕೆಳಗಿಟ್ಟು ಕಾಲಿಗೆ ಬಿದ್ದಳು. "ಅಕ್ಕೋರ, ಗುರ್ತು ಸಿಕ್ತೇನ್ರಿ?" ಸಿಗಲಿಲ್ಲ. ಊರ ಹೆಸರು ಹೇಳಿದಳು. ಆಗ ಸಿಕ್ಕಿತು. ಗುಂಗುರು ಕೂದಲು ಹಣೆಯ ಮೇಲೆ ಹಾಗೇ ಇತ್ತು, ಅರ್ಧ ಬೆಳ್ಳಗಾಗಿತ್ತು. ಗಂಡನಿಗೆ ಎರಡು ಎಕರೆ ಗೋವಿನಜೋಳ, ಮಗ ಐಟಿಐ, ಮಗಳು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ನಾನು ಎದೆ ಗಟ್ಟಿ ಮಾಡಿಕೊಂಡು ಹೇಳಿದೆ, "ನೋಡವಾ, ನೀನು ಎಂಟನೇದಾಗ ಕಪ್ಪಿ ತತ್ತಿ ಬಗ್ಗೆ ಬರದಿದ್ದಿ. ಗಿಡದಾಗ ನೊರಿ ಮಾಡಿ ಇಡತದ ಅಂತ. ಅದು ಖರೇ ಇತ್ತು. ನಾನ ತಪ್ಪು ಹಾಕಿದ್ದೆ."

"ನನಗ ಅದೆಲ್ಲಾ ನೆನಪಿಲ್ರಿ ಅಕ್ಕೋರ" ಎಂದಳು. ಚೀಲದ ಬಾಯಿ ಸರಿಮಾಡಿದಳು. "ನೀವು ನಕ್ಕಿದ್ದು ನೆನಪೈತ್ರಿ."

ನನಗೆ ಮಾತು ಹೊರಡಲಿಲ್ಲ. ಅವಳೇ ಮುಂದೆ, "ಆ ಗಿಡ ಈಗಿಲ್ರಿ. ಕೆರಿ ಒಡ್ಡು ಅಗಲ ಮಾಡುವಾಗ ಕಡದ್ರು. ಆದ್ರ ನಮ್ಮ ಹಿತ್ತಲದಾಗ ನೀರಿನ ಟಾಕಿ ಐತಲ್ರಿ, ಅದರ ಮ್ಯಾಲ ಪೇರಲ ಗಿಡ ಬಾಗೈತ್ರಿ. ಈ ಸಲ ಮಳಿಗೆ ಅಲ್ಲಿ ಇಟ್ಟಿದ್ವು. ನನ್ನ ಮಗಳು ಮೊಬೈಲ್‌ನ್ಯಾಗ ಫೋಟೋ ಹೊಡದಾಳ್ರಿ, ಕಾಲೇಜಿನ್ಯಾಗ ತೋರಸ್ತಾಳಂತ" ಎಂದಳು.

ಹುಬ್ಬಳ್ಳಿಯ ಬಸ್ಸು ಬಂತು. ಅವಳು ಬೇಡ ಬೇಡವೆಂದರೂ ಕೇಳದೆ ನನ್ನ ಚೀಲದಲ್ಲಿ ಐದು ಹಸಿ ತೆನೆ ತುರುಕಿದಳು. ಜೀರಿಗೆ ಹಚ್ಚಿ ಸುಡ್ರಿ ಅಕ್ಕೋರ, ಎಳೇವು ಅದಾವ ಎಂದು ಕಿಟಕಿಯ ಕೆಳಗೆ ನಿಂತು ಹೇಳುತ್ತಲೇ ಇದ್ದಳು. ಬರುವ ಮಳೆಗಾಲಕ್ಕೆ ಅವಳ ಹಿತ್ತಲಿಗೆ ಬರುತ್ತೇನೆಂದು ಹೇಳಿದ್ದೇನೆ.